ಒಂದೇ ಕುಕೀಯಲ್ಲಿ ಸೈಟ್ ನಡೆಸುತ್ತಿರುವ ನನ್ನ ಅನುಭವ

ಇಡೀ ಸೈಟಿಗೆ ಒಂದೇ ಕುಕೀ ಸಾಕು ಅಂದಾಗ ನಮ್ಮ ತಂಡದಲ್ಲಿ ಯಾರೂ ನಂಬಲಿಲ್ಲ. ಈಗ ವರ್ಷದ ಮೇಲಾಯಿತು, ಹಾಗೇ ನಡೆಯುತ್ತಿದೆ. ಲಾಗಿನ್ ಆಗದೆ ಬಂದು ಹೋಗುವವರಿಗೆ ಆ ಒಂದೂ ಇಲ್ಲ. ಆಗ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕುಕೀ ಅಂದರೆ ಸೈಟ್ ನಿಮ್ಮ ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತಿನ ಚೀಟಿ. ಅದನ್ನು ಡೆವ್‌ಟೂಲ್ಸ್‌ನಲ್ಲಿ ಎಲ್ಲಿ ನೋಡಬೇಕು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ನಮ್ಮದು ವೀಡಿಯೊ ಪಾಠ ಮಾರುವ ಸೈಟ್. ನನ್ನ ಕೈಗೆ ಬಂದಾಗ ಹೋಮ್ ಪೇಜ್ ತೆರೆದರೆ ಸಾಕು, 30ರ ಹತ್ತಿರ ಕುಕೀಗಳು ಬಂದು ಕೂರುತ್ತಿದ್ದವು. ಅದರಲ್ಲಿ ನಮ್ಮವು ಮೂರೋ ನಾಲ್ಕೋ. ಉಳಿದವು ಹೊರಗಿನವರ ಟೂಲ್‌ಗಳು, ಅಂದರೆ ಚಾಟ್ ವಿಜೆಟ್, ಹೀಟ್‌ಮ್ಯಾಪ್, ಎ/ಬಿ ಟೆಸ್ಟ್, ಎರಡು ಅನಲಿಟಿಕ್ಸ್, ಜಾಹೀರಾತಿನ ಪಿಕ್ಸೆಲ್‌ಗಳು ಇಟ್ಟದ್ದು. ತಮಾಷೆ ಅಂದರೆ, ಕುಕೀಯಲ್ಲಿ ಇರಬೇಕಾದ ಲಾಗಿನ್ ಟೋಕನ್ (ಲಾಗಿನ್ ಆದವರ ಗುರುತು) ಮಾತ್ರ ಬ್ರೌಸರಿನ ಇನ್ನೊಂದು ಉಗ್ರಾಣವಾದ ಲೋಕಲ್ ಸ್ಟೋರೇಜ್‌ನಲ್ಲಿ ಕೂತಿತ್ತು. ಪೇಜಿನಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಒಂದು ಸಾಲಿನ ಕೋಡಿನಲ್ಲಿ ಅದನ್ನು ಓದಬಹುದಿತ್ತು. ಚಾಟ್ ವಿಜೆಟ್ ಕೊಟ್ಟವರ ಸರ್ವರ್ ಒಡೆದವನಿಗೆ ನಮ್ಮ ಗ್ರಾಹಕರ ಲಾಗಿನ್ ಪುಕ್ಕಟೆ.

ಈ ಸೆಕ್ಯುರಿಟಿ ಮಾತು ಹೇಳಿದರೆ ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಕೆಲಸ ಮಾಡಿದ್ದು ಎರಡು ಸಂಗತಿ. ಒಂದು, ಕೆಲವು ಹಳೆಯ ಗ್ರಾಹಕರಿಗೆ ಪೇಜ್ ತೆರೆಯದೆ 400 ಎರರ್ ಬರತೊಡಗಿತು. ಹೊರಗಿನ ಸ್ಕ್ರಿಪ್ಟ್‌ಗಳು ನಮ್ಮ ಡೊಮೈನ್ ಹೆಸರಿನಲ್ಲೇ ಕುಕೀ ತುಂಬುತ್ತಿದ್ದವು. ಅವೆಲ್ಲ ಪ್ರತಿ ರಿಕ್ವೆಸ್ಟ್ ಜೊತೆ ಸರ್ವರ್‌ಗೆ ಬರುತ್ತಿದ್ದವು. ನಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎನ್‌ಜಿನ್‌ಎಕ್ಸ್, ರಿಕ್ವೆಸ್ಟ್‌ನ ಒಂದು ಹೆಡರ್ ಸಾಲಿಗೆ (ಕುಕೀಗಳು ಬರುವುದು ಇದರಲ್ಲೇ) ಡಿಫಾಲ್ಟ್ ಆಗಿ ಬಿಡುವುದು 8 ಕೆಬಿ. ಅದು ದಾಟಿತು ಅಂದರೆ ಬಾಗಿಲು ಬಂದ್. ಆ ಮಿತಿ (ಬಫರ್) ದೊಡ್ಡದು ಮಾಡಿ ಅಂದರು. ಒಂದು ಸಲ ಮಾಡಿಯೂ ಆಯಿತು, ಕೆಲವು ತಿಂಗಳಲ್ಲಿ ಅದೂ ತುಂಬಿತು.

ಎರಡನೆಯದು ಬಿಲ್. ಈ ಟೂಲ್‌ಗಳ ತಿಂಗಳ ಚಂದಾ ಎಲ್ಲ ಒಂದೇ ಶೀಟಿನಲ್ಲಿ ಕೂಡಿಸಿ ತೋರಿಸಿದೆ. ಸರ್ವರ್ ಬಾಡಿಗೆಗಿಂತ ಅದೇ ಜಾಸ್ತಿ ಇತ್ತು, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಕುಕೀಗೆ ಒಪ್ಪಿಗೆ ಕೇಳುವ ಬ್ಯಾನರ್‌ಗೂ ಪೇಜ್ ವ್ಯೂ ಲೆಕ್ಕದಲ್ಲಿ ದುಡ್ಡು! ನಮಗೆ ಯುರೋಪಿನ ಗ್ರಾಹಕರೂ ಇದ್ದಾರೆ. ಅಲ್ಲಿನ ನಿಯಮದಲ್ಲಿ, ಬಳಕೆದಾರರು ಕೇಳಿದ ಸೇವೆಗೆ ಬೇಕೇ ಬೇಕಾದ ಕುಕೀಗೆ ಒಪ್ಪಿಗೆ ಬೇಡ. ಲಾಗಿನ್ ಕುಕೀ ಒಂದೇ ಉಳಿದರೆ ಬ್ಯಾನರೇ ಬೇಡ. ಕುಕೀ ಬದಲು ಎಲ್ಲವನ್ನೂ ಲೋಕಲ್ ಸ್ಟೋರೇಜ್‌ಗೆ ಹಾಕಿ ತಪ್ಪಿಸಿಕೊಳ್ಳೋಣ ಅಂದ ಜಾಣರೂ ಇದ್ದರು. ಆಗಲ್ಲ. ಆ ನಿಯಮ ಬಳಕೆದಾರರ ಸಾಧನದಲ್ಲಿ ಏನೇ ಇಟ್ಟರೂ ಓದಿದರೂ ಅನ್ವಯಿಸುತ್ತದೆ.

ಮಾರ್ಕೆಟಿಂಗ್‌ನವರ ಜಗಳ ದೊಡ್ಡದಿತ್ತು. ಅಂಕಿ ಹೋಗುತ್ತದೆ ಅನ್ನುವುದು ಅವರ ಭಯ. ನಾನು ಹೇಳಿದ್ದು ಇಷ್ಟೇ: ಅಂಕಿ ಆಗಲೇ ಹೋಗಿದೆ. ಸಫಾರಿ ಮಾರ್ಚ್ 2020ರಿಂದ ಥರ್ಡ್ ಪಾರ್ಟಿ ಕುಕೀಗಳನ್ನು, ಅಂದರೆ ನೀವು ತೆರೆದ ಸೈಟ್ ಬಿಟ್ಟು ಬೇರೆ ಡೊಮೈನ್ ಇಡುವ ಕುಕೀಗಳನ್ನು, ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿಗೆ ಒಂದೊಂದು ಡಬ್ಬಿ ಮಾಡಿ ಬೇರೆ ಇಡುತ್ತಿದೆ. ಸ್ಕ್ರಿಪ್ಟ್ ಬರೆದ ಕುಕೀ ಸಫಾರಿಯಲ್ಲಿ ಬದುಕುವುದು ಹೆಚ್ಚೆಂದರೆ 7 ದಿನ. ಹತ್ತು ದಿನ ಬಿಟ್ಟು ಬಂದ ಹಳಬನನ್ನು ನಿಮ್ಮ ಟೂಲ್ ಹೊಸಬ ಅಂತಲೇ ಎಣಿಸುತ್ತದೆ, ಅಲ್ವಾ? ಕ್ರೋಮ್ ಕೂಡ ಇವನ್ನು ತೆಗೆಯುತ್ತೇನೆ ಅಂತ 2020ರಲ್ಲಿ ಹೇಳಿ 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಅದು ಆಗಲಿ ಅಂತ ಕಾದಿದ್ದರೆ ಇನ್ನೂ ಕಾಯುತ್ತಾ ಕೂತಿರಬೇಕಿತ್ತು.

ಎಣಿಕೆಯನ್ನು ಸರ್ವರ್ ಲಾಗ್‌ಗೆ ತಂದೆ. ಜಾಹೀರಾತಿನ ಲಿಂಕಿಗೆ ಒಂದು ಗುರುತು, ಆರ್ಡರ್ ಆದಾಗ ಸರ್ವರ್‌ನಲ್ಲೇ ಲೆಕ್ಕ. ಒಬ್ಬನೇ ಎರಡು ಸಲ ಬಂದರೆ ಹೇಗೆ ಗುರುತಿಸದೆ ಎಣಿಸುತ್ತೇನೆ ಅಂದರೆ, ದಿನಕ್ಕೊಂದು ಸಾಲ್ಟ್ (ಗುಟ್ಟಿನ ರ‍್ಯಾಂಡಮ್ ಅಕ್ಷರಗಳು) ಹಾಕಿ ಹ್ಯಾಶ್ ಮಾಡಿ (ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿಸಿ), ರಾತ್ರಿ ಸಾಲ್ಟ್ ಎಸೆಯುತ್ತೇನೆ. ಹ್ಯಾಶ್‌ಗೆ ಏನೇನು ಬೆರೆಸುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ.

ಈಗ ಆ ಒಂದು ಕುಕೀ. 32 ಬೈಟ್ ರ‍್ಯಾಂಡಮ್ ಸಂಖ್ಯೆ, ಅಷ್ಟೇ. ಅದರ ಹ್ಯಾಶ್ ರೆಡಿಸ್‌ನಲ್ಲಿ, ಅಂದರೆ ಮೆಮರಿಯಲ್ಲೇ ನಡೆಯುವ ಡೇಟಾಬೇಸ್‌ನಲ್ಲಿ. ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುತ್ತದೆ), ಎಚ್‌ಟಿಟಿಪಿ-ಓನ್ಲಿ (ಸ್ಕ್ರಿಪ್ಟ್ ಓದಲಾಗದು), ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಜೊತೆ ಹೋಸ್ಟ್ ಪ್ರಿಫಿಕ್ಸ್ (__Host-). ಈ ಪ್ರಿಫಿಕ್ಸ್ ಇದ್ದರೆ ಡೊಮೈನ್ ಬರೆಯುವಂತಿಲ್ಲ, ಪಾತ್ ಬರೀ ಸ್ಲ್ಯಾಶ್ ಇರಬೇಕು. ಇಲ್ಲದಿದ್ದರೆ ಬ್ರೌಸರ್ ಒಪ್ಪುವುದೇ ಇಲ್ಲ. ನಮ್ಮ ಒಂದು ಸಬ್‌ಡೊಮೈನ್ ಹೊರಗಿನವರ ಕೈಯಲ್ಲಿತ್ತು, ಅಲ್ಲಿಂದ ಯಾರಾದರೂ ನಮ್ಮ ಸೈಟಿಗೆ ನಕಲಿ ಸೆಷನ್ (ಲಾಗಿನ್) ಕುಕೀ ತುರುಕುವ ದಾರಿ ಇದರಿಂದ ಮುಚ್ಚಿತು. ಲಾಗಿನ್ ವಿವರವನ್ನು ಸಹಿ ಹಾಕಿದ ಟೋಕನ್‌ನಲ್ಲೇ ಇಡುವ ಜೆಡಬ್ಲ್ಯುಟಿಯ ಅಭಿಮಾನಿಗಳು ಪ್ರತಿ ರಿಕ್ವೆಸ್ಟ್‌ಗೂ ಸ್ಟೋರ್ ನೋಡಿದರೆ ಸೈಟ್ ಮಲಗುತ್ತದೆ ಅಂದಿದ್ದರು. ನೋಡಲು ಹಿಡಿಯುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ಲಕ್ಷ ಸೆಷನ್ ಇಟ್ಟರೂ ಮೆಮರಿ 100 ಎಂಬಿ ಒಳಗೇ ಇದೆ. ಮೇಲಾಗಿ ಲಾಗೌಟ್ ಒತ್ತಿದರೆ ನಿಜವಾಗಿ ಲಾಗೌಟ್ ಆಗುತ್ತದೆ.

ಇಷ್ಟೆಲ್ಲ ಚೆನ್ನಾಗಿ ನಡೆದು, ಪೇಮೆಂಟ್‌ನಲ್ಲಿ ಕೈ ಸುಟ್ಟಿತು. ದುಡ್ಡು ಕಟ್ಟಿ ವಾಪಸ್ ಬಂದವರಿಗೆ ಲಾಗಿನ್ ಪೇಜ್ ಕಾಣುತ್ತಿತ್ತು. ಎಲ್ಲರಿಗೂ ಅಲ್ಲ, ಕ್ರೋಮ್‌ನಲ್ಲಿ ಬಂದವರಿಗೆ, ಅದರಲ್ಲೂ ಕೆಲವರಿಗೆ. ನಾವು ಎಷ್ಟು ಸಲ ಪರೀಕ್ಷಿಸಿದರೂ ಸರಿಯಾಗೇ ಬರುತ್ತಿತ್ತು. ಗಾಬರಿಯಾದ ಗ್ರಾಹಕರು ಎರಡೆರಡು ಸಲ ದುಡ್ಡು ಕಟ್ಟಿದರು. ರೀಫಂಡ್, ಅದರ ಶುಲ್ಕ, ಸಪೋರ್ಟ್‌ನವರ ಹೆಚ್ಚುವರಿ ಗಂಟೆಗಳು, ಎಲ್ಲ ಸೇರಿ ಟೂಲ್ ಕಿತ್ತು ಉಳಿಸಿದ ಎರಡು ತಿಂಗಳ ಚಂದಾ ಅಲ್ಲೇ ಕರಗಿತು.

ಕಾರಣ ಸಿಕ್ಕಿದ್ದು ಹೀಗೆ. ಮೊದಲ ಆವೃತ್ತಿಯ ಕುಕೀಯಲ್ಲಿ ಸೇಮ್‌ಸೈಟ್ ಬರೆದಿರಲಿಲ್ಲ. ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕೀ ಕಳಿಸಬೇಕೋ ಬೇಡವೋ ಅಂತ ಬ್ರೌಸರಿಗೆ ಹೇಳುವ ಗುಣ ಅದು. 2020ರಿಂದ ಕ್ರೋಮ್ ಅಂಥ ಕುಕೀಯನ್ನು ಲ್ಯಾಕ್ಸ್ ಅಂತ ನೋಡುತ್ತದೆ, ಅಂದರೆ ಬೇರೆ ಸೈಟಿನಿಂದ ಬಂದ ಪೋಸ್ಟ್ (ಫಾರ್ಮ್ ಕಳಿಸುವಂಥ) ರಿಕ್ವೆಸ್ಟ್ ಜೊತೆ ಕಳಿಸುವುದಿಲ್ಲ. ಪೇಮೆಂಟ್ ಗೇಟ್‌ವೇ ನಮ್ಮಲ್ಲಿಗೆ ವಾಪಸ್ ಕಳಿಸುತ್ತಿದ್ದದ್ದು ಪೋಸ್ಟ್‌ನಲ್ಲೇ. ಆದರೆ ಒಂದು ರಿಯಾಯಿತಿ ಇದೆ: ಕುಕೀ ಹುಟ್ಟಿ 2 ನಿಮಿಷ ಆಗಿಲ್ಲದಿದ್ದರೆ ಪೋಸ್ಟ್‌ಗೂ ಕಳಿಸುತ್ತದೆ. ಪರೀಕ್ಷೆ ಮಾಡುವಾಗ ನಾವು ಲಾಗಿನ್ ಆಗಿ ತಕ್ಷಣ ದುಡ್ಡು ಕಟ್ಟುತ್ತಿದ್ದೆವು. ಪಾಸ್! ನಿಜವಾದ ಗ್ರಾಹಕ ಬೆಳಿಗ್ಗೆ ಲಾಗಿನ್ ಆಗಿ ಸಂಜೆ ಕಟ್ಟುತ್ತಾನೆ. ಫೇಲ್. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಆ ಡಿಫಾಲ್ಟ್ ಇರಲಿಲ್ಲ, ಅಲ್ಲಿ ಎಲ್ಲ ಸರಿ. ಇದರ ಮೇಲೆ ಇನ್ನೊಂದು. ಕುಕೀ ಇಲ್ಲದೆ ಬಂದ ರಿಕ್ವೆಸ್ಟ್‌ಗೆ ಫ್ರೇಮ್‌ವರ್ಕ್ ಹೊಸ ಸೆಷನ್ ಕೊಟ್ಟು, ಹಳೆಯ ಕುಕೀ ಮೇಲೆಯೇ ಬರೆದುಬಿಡುತ್ತಿತ್ತು. ಹಾಗಾಗಿ ಹಿಂದೆ ಹೋದರೂ ಲಾಗಿನ್ ಇರುತ್ತಿರಲಿಲ್ಲ.

ಸೇಮ್‌ಸೈಟ್‌ಗೆ None (ಎಲ್ಲಿಂದ ಬಂದರೂ ಕಳಿಸು) ಅಂತ ಹಾಕಿಬಿಡು ಅಂದವರೇ ಜಾಸ್ತಿ. ಹಾಕಿದರೆ ಸಿಎಸ್‌ಆರ್‌ಎಫ್‌ಗೆ, ಅಂದರೆ ಬೇರೆ ಸೈಟ್ ಗ್ರಾಹಕನ ಹೆಸರಿನಲ್ಲಿ ನಮಗೆ ರಿಕ್ವೆಸ್ಟ್ ಕಳಿಸುವ ದಾಳಿಗೆ, ಬಾಗಿಲು ತೆರೆದ ಹಾಗೆ. ನಾನು ಲ್ಯಾಕ್ಸ್ ಅಂತ ಬಾಯಿಬಿಟ್ಟು ಬರೆದೆ. ವಾಪಸ್ ಬರುವ ವಿಳಾಸಕ್ಕೆ ಸೆಷನ್ನೇ ಬೇಡ ಅಂತ ಮಾಡಿದೆ. ಅಲ್ಲಿ ಗೇಟ್‌ವೇಯ ಸಹಿ ಪರೀಕ್ಷಿಸಿ, ಆರ್ಡರ್ ಸಂಖ್ಯೆ ನೋಡಿ, 303 (ಬೇರೆ ವಿಳಾಸಕ್ಕೆ ಹೋಗು ಅನ್ನುವ ಉತ್ತರ) ಕೊಟ್ಟು ನಮ್ಮದೇ ಪೇಜಿಗೆ ಕಳಿಸುವುದು. ಆ ಎರಡನೇ ಹೆಜ್ಜೆ ಗೆಟ್ (ಮಾಮೂಲಿ ಪೇಜ್ ತೆರೆಯುವ ರಿಕ್ವೆಸ್ಟ್) ಆದ್ದರಿಂದ ಕುಕೀ ತಾನಾಗಿ ಬರುತ್ತದೆ. ಆ ದಿನದಿಂದ ಈ ದೂರು ಒಂದೂ ಇಲ್ಲ. ಫಾರ್ಮ್‌ಗಳಿಗೆ ಆರಿಜಿನ್ ಹೆಡರ್ (ರಿಕ್ವೆಸ್ಟ್ ಯಾವ ಸೈಟಿನಿಂದ ಬಂತು ಅನ್ನುವ ಸಾಲು) ಕೂಡ ನೋಡುತ್ತೇನೆ. ಆ ಹೆಡರ್ ಬಾರದೇ ಇದ್ದಾಗ ಏನು ಮಾಡುತ್ತೇನೆ ಅನ್ನುವುದನ್ನು ಬಹಿರಂಗವಾಗಿ ಬರೆಯುವುದು ಬೇಡ.

ನಡುವೆ ಸುಮ್ನೆ ಕೆಲವು ಪ್ರಯೋಗ. ಸೆಷನ್ ಅನ್ನು ಗ್ರಾಹಕರ ಐಪಿ ವಿಳಾಸಕ್ಕೆ ಕಟ್ಟಿ ನೋಡಿದೆ. ವೈಫೈಯಿಂದ ಮೊಬೈಲ್ ಡೇಟಾಗೆ ಹೋದವರೆಲ್ಲ ಹೊರಗೆ ಬಿದ್ದರು, ಅದೇ ದಿನ ತೆಗೆದೆ. ಕುಕೀಗೆ 10 ವರ್ಷದ ಆಯುಷ್ಯ ಬರೆದು ನೋಡಿದೆ, ಕ್ರೋಮ್ 400 ದಿನಕ್ಕೆ ಕತ್ತರಿಸಿತು. ಆಯುಷ್ಯ ಬರೆಯದೇ ಬಿಟ್ಟರೆ ಬ್ರೌಸರ್ ಮುಚ್ಚಿದಾಗ ಹೋಗುತ್ತದೆ ಅನ್ನುವುದೂ ನಂಬುವಂಥದ್ದಲ್ಲ. ಹಳೆಯ ಟ್ಯಾಬ್ ವಾಪಸ್ ತೆರೆಯುವ ಸೆಟ್ಟಿಂಗ್ ಇದ್ದರೆ ಕುಕೀಯೂ ವಾಪಸ್ ಬರುತ್ತದೆ. ನಾನೇ ಪೇಜಿಗೆ ಕಳ್ಳ ಸ್ಕ್ರಿಪ್ಟ್ ಹಾಕಿಯೂ ನೋಡಿದೆ. ಕುಕೀ ಓದಲು ಅದಕ್ಕೆ ಆಗಲಿಲ್ಲ, ಆದರೆ ಗ್ರಾಹಕನ ಹೆಸರಿನಲ್ಲಿ ರಿಕ್ವೆಸ್ಟ್ ಕಳಿಸಲು ಆಯಿತು. ಅದಕ್ಕೆ ನಾನ್ಸ್ ಇರುವ ಸಿಎಸ್‌ಪಿಯೂ, ಅಂದರೆ ಪ್ರತಿ ಸಲ ಬದಲಾಗುವ ಗುರುತು ಇರುವ ಸ್ಕ್ರಿಪ್ಟ್ ಮಾತ್ರ ಓಡಲಿ ಅನ್ನುವ ನಿಯಮವೂ, ಬೇಕೇ ಬೇಕು. ಮೊದಲು ಏನನ್ನೂ ತಡೆಯದೆ ಬರೀ ವರದಿ ಕಳಿಸುವ ರಿಪೋರ್ಟ್-ಓನ್ಲಿಯಲ್ಲಿ ಓಡಿಸಿ. ಬರುವ ವರದಿಗಳಲ್ಲಿ ಮುಕ್ಕಾಲು ಪಾಲು ಜನರ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಗದ್ದಲ, ಹೆದರಬೇಡಿ. ಕಂಪ್ಯೂಟರಿಗೆ ಮಾಲ್‌ವೇರ್ ನುಗ್ಗಿ ಕುಕೀ ಫೈಲನ್ನೇ ಹೊತ್ತೊಯ್ದರೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ. ಹಾಗಾಗಿ ಇಮೇಲ್, ಪಾಸ್‌ವರ್ಡ್ ಬದಲಿಸುವಾಗ ಹಳೆಯ ಪಾಸ್‌ವರ್ಡ್ ಮತ್ತೆ ಕೇಳುತ್ತೇನೆ.

ಈಗ ಟೂಲ್‌ಗಳ ಬಿಲ್ ಮೊದಲಿನ ಕಾಲು ಭಾಗ ಇರಬಹುದು. ಮಾರಾಟ ಕುಸಿಯಲಿಲ್ಲ. ಮೊಬೈಲ್‌ನಲ್ಲಿ ಪೇಜ್ ಬೇಗ ತೆರೆಯುತ್ತದೆ ಅಂತ ಮಾರ್ಕೆಟಿಂಗ್‌ನವರೇ ಹೇಳಿದರು.

ನೀವೂ ಮಾಡುವುದಾದರೆ, ಸ್ಕ್ರಿಪ್ಟ್ ಕೀಳುವ ಮೊದಲು ಪ್ರತಿ ಕುಕೀಯ ಹೆಸರು, ಡೊಮೈನ್, ಪಾತ್ ಬರೆದಿಟ್ಟುಕೊಳ್ಳಿ. ಸ್ಕ್ರಿಪ್ಟ್ ಹೋದರೂ ಅದು ಇಟ್ಟ ಕುಕೀಗಳು ಗ್ರಾಹಕರ ಬ್ರೌಸರಿನಲ್ಲಿ ಉಳಿದಿರುತ್ತವೆ. ಅಳಿಸಬೇಕಾದರೆ ಈ ಮೂರೂ ಸರಿಯಾಗಿ ಹೊಂದಬೇಕು. ಕ್ಲಿಯರ್-ಸೈಟ್-ಡೇಟಾ ಹೆಡರ್ ಒಂದೇ ಏಟಿಗೆ ಎಲ್ಲ ಒರೆಸುತ್ತದೆ ನಿಜ, ಆದರೆ ಲಾಗಿನ್ ಕುಕೀಯನ್ನೂ ಬಿಡುವುದಿಲ್ಲ. ನಾನು ಪಟ್ಟಿ ಹಿಡಿದು ಕೆಲವು ತಿಂಗಳು ಒಂದೊಂದರ ಆಯುಷ್ಯಕ್ಕೂ ಹಳೆಯ ತಾರೀಕು ಹಾಕಿ ಅಳಿಸಿದೆ.