ಹೊರದೇಶದಿಂದ ಕೋಚ್ ಕೆಲಸ ಬಂದಿದೆಯಾ? ಹೂಂ ಅನ್ನೋ ಮುಂಚೆ ಇಷ್ಟು ನೋಡಿ

ಫುಟ್‌ಬಾಲ್ ಆಟ ನಿಲ್ಲಿಸಿದ ಮೇಲೆ "ನಮ್ಮ ಟೀಮಿಗೆ ಕೋಚ್ ಆಗಿ ಬನ್ನಿ" ಅಂತ ಹೊರದೇಶದಿಂದ ಫೋನ್ ಬಂದರೆ ಯಾರಿಗಾದರೂ ಖುಷಿಯೇ. ತುಮಕೂರಿನ ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ ಓಡಿ ಬೆಳೆದು, ಬೆಂಗಳೂರಿನ ಕ್ಲಬ್ ಸೇರಿ, ರಾಜ್ಯ ತಂಡದ ಜೆರ್ಸಿ ಹಾಕಿದ ಆಟಗಾರನಿಗೆ ಅಂಥ ಫೋನ್ ಬಂದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ, ಹಾರ ಹಿಡಿದು ಜನ ಬರುತ್ತಾರೆ, ಆಮೇಲೆ "ಬೇಡ" ಅನ್ನೋದು ತುಂಬಾ ಕಷ್ಟ. ಅದಕ್ಕೇ ಮೊದಲು ಮಾಡಬೇಕಾದ್ದು ಇದು: ಮನೆಯವರನ್ನು ಬಿಟ್ಟು ಸದ್ಯಕ್ಕೆ ಯಾರಿಗೂ ಹೇಳಬೇಡಿ.

ಸಂಬಳ ಎಷ್ಟು ಅನ್ನೋದು ಎರಡನೇ ಪ್ರಶ್ನೆ. ಮೊದಲನೆಯದು, ಅಲ್ಲಿ ಯಾರ ಮಾತು ನಡೆಯುತ್ತದೆ? ಆಟಗಾರರನ್ನು ತರುವವರು ಯಾರು, ಪಂದ್ಯದ ದಿನ ಹನ್ನೊಂದು ಹೆಸರು ಬರೆಯುವವರು ಯಾರು, ನಿಮ್ಮ ನಂಬಿಕೆಯ ಒಬ್ಬ ಸಹಾಯಕನನ್ನು ಕರೆದುಕೊಂಡು ಹೋಗಬಹುದಾ, ಗಾಯ ಆಗಿರುವ ಹುಡುಗನನ್ನು ಆಡಿಸಲ್ಲ ಅಂತ ನೀವು ಹೇಳಿದರೆ ಮಾಲೀಕರು ಕೇಳುತ್ತಾರಾ? ಇದನ್ನೆಲ್ಲ ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ. ಉತ್ತರ ಸುತ್ತಿ ಬಳಸಿ ಬಂದರೆ ಅವರಿಗೆ ಬೇಕಾಗಿರೋದು ಪೋಸ್ಟರ್ ಮೇಲೆ ನಿಮ್ಮ ಮುಖ ಮಾತ್ರ.

ಹೆಸರಿದ್ದರೆ ಸಾಕು ಅಂದುಕೊಂಡವರು ಗ್ಯಾರಿ ನೆವಿಲ್ ಕಥೆ ನೋಡಬೇಕು. ಮ್ಯಾಂಚೆಸ್ಟರ್ ಯುನೈಟೆಡ್‌ಗೆ 602 ಪಂದ್ಯ, ಇಂಗ್ಲೆಂಡ್‌ಗೆ 85 ಪಂದ್ಯ ಆಡಿದ ಮನುಷ್ಯ. 2015ರ ಡಿಸೆಂಬರ್‌ನಲ್ಲಿ, ಸೀಸನ್ ನಡುವೆ, ಸ್ಪೇನ್‌ನ ವೆಲೆನ್ಸಿಯಾಗೆ ಹೋದರು. ಒಂದು ಕ್ಲಬ್ಬನ್ನು ತಾವೇ ನಡೆಸಿದ ಅನುಭವ ಅದಕ್ಕೆ ಮುಂಚೆ ಇರಲಿಲ್ಲ, ಸ್ಪ್ಯಾನಿಶ್ ಸರಿಯಾಗಿ ಬರುತ್ತಿರಲಿಲ್ಲ, ಕ್ಲಬ್ ಮಾಲೀಕರು ಮಾತ್ರ ಅವರ ಸ್ನೇಹಿತರು. ಮೊದಲ 9 ಲೀಗ್ ಪಂದ್ಯದಲ್ಲಿ ಒಂದೂ ಗೆಲ್ಲಲಿಲ್ಲ, ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ 7-0 ಹೊಡೆಯಿತು, ಮಾರ್ಚ್ ಮುಗಿಯೋ ಮುಂಚೆ ಕೆಲಸ ಹೋಯಿತು. ಮಾಲೀಕರ ಸ್ನೇಹ ಕೆಲಸ ಕೊಡಿಸಬಹುದು, ಪಂದ್ಯ ಗೆಲ್ಲಿಸಲ್ಲ.

ಭಾಷೆ ಬಂದರೆ ಎಲ್ಲ ಸರಿಹೋಗುತ್ತದಾ? ಅದೂ ಇಲ್ಲ. ಫ್ರಾನ್ಸ್‌ನ ದೊಡ್ಡ ಆಟಗಾರ ತಿಯೆರಿ ಆನ್ರಿ 2018ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಲೀಗ್‌ನಲ್ಲಿ ಆಡುವ ಮೊನಾಕೊ ಕ್ಲಬ್‌ಗೆ ಕೋಚ್ ಆಗಿ ಸೇರಿದರು. ಅವರು ಹುಡುಗನಾಗಿ ಆಡಿ ಬೆಳೆದ ಕ್ಲಬ್, ಅವರದೇ ಭಾಷೆ. ಆದರೆ ಟೀಮು ಆಗಲೇ ಲೀಗ್ ಪಟ್ಟಿಯ ಕೆಳಭಾಗದಲ್ಲಿತ್ತು, ಜನವರಿಯಲ್ಲಿ ಅವರನ್ನು ಕಳಿಸಿದರು. ಹಾಗಾಗಿ ಯಾವಾಗ ಕರೆಯುತ್ತಿದ್ದಾರೆ ಅನ್ನೋದನ್ನೂ ನೋಡಿ.

ನಮ್ಮ ದೇಶಕ್ಕೆ ಬಂದವರನ್ನೇ ತೆಗೆದುಕೊಳ್ಳಿ. ಇಂಗ್ಲೆಂಡ್‌ನ ಆಶ್ಲೆ ವೆಸ್ಟ್‌ವುಡ್ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಲೇ ಬಂದರು, ಟೀಮನ್ನು ಮೊದಲಿಂದ ಕಟ್ಟಿದರು, ಮೊದಲ ಸೀಸನ್‌ನಲ್ಲೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಲಿವರ್‌ಪೂಲ್‌ನ ದೊಡ್ಡ ಹೆಸರು ರಾಬಿ ಫೌಲರ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಕೋಚ್ ಆಗಿ ಸೇರಿದ್ದು 2020ರ ಅಕ್ಟೋಬರ್‌ನಲ್ಲಿ, ಮುಂದಿನ ತಿಂಗಳೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರು. ತಂಡ 11ರಲ್ಲಿ 9ನೇ ಸ್ಥಾನ. ಗೋಲು ಹೊಡೆದ ಲೆಕ್ಕ ನೋಡಿದರೆ ಫೌಲರ್ ಮುಂದೆ ವೆಸ್ಟ್‌ವುಡ್ ಯಾರೂ ಅಲ್ಲ, ಆದರೆ ತಯಾರಿಗೆ ಸಮಯ ಸಿಕ್ಕಿದ್ದು ವೆಸ್ಟ್‌ವುಡ್‌ಗೆ. ಸೀಸನ್ ಶುರುವಾಗಲು ಎರಡು ತಿಂಗಳಾದರೂ ಇಲ್ಲದಿದ್ದರೆ ನಾನಂತೂ ಹೋಗಬೇಡಿ ಅಂತಲೇ ಹೇಳುತ್ತೇನೆ.

ಇನ್ನೊಂದು ಕೆಲಸ ಖಂಡಿತ ಮಾಡಿ. ಆ ಕ್ಲಬ್‌ನಲ್ಲಿ ಕಳೆದ ಮೂರು ವರ್ಷ ಯಾರು ಯಾರು ಕೋಚ್ ಆಗಿದ್ದರು ಅಂತ ಪಟ್ಟಿ ಮಾಡಿ, ಕೊನೆಯವರಿಗೆ ಹೇಗಾದರೂ ಮಾಡಿ ಫೋನ್ ಹಚ್ಚಿ. ಎರಡೇ ಮಾತು ಕೇಳಿ: ಯಾಕೆ ಬಿಟ್ಟಿರಿ, ಕೊನೆ ತಿಂಗಳ ಸಂಬಳ ಬಂತಾ? ಮೂರು ವರ್ಷದಲ್ಲಿ ಐದು ಕೋಚ್ ಬದಲಾಗಿದ್ದರೆ ಆರನೆಯವರು ನೀವಾಗಬೇಕಾ, ಯೋಚನೆ ಮಾಡಿ.

ಲೈಸೆನ್ಸ್ ವಿಷಯ ಚಿಕ್ಕದು, ಆದರೆ ಕೊನೆ ಗಳಿಗೆಯಲ್ಲಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಏಷ್ಯಾದಲ್ಲಿ ಎಎಫ್‌ಸಿ, ಅಂದರೆ ಏಷ್ಯಾದ ಫುಟ್‌ಬಾಲ್ ಒಕ್ಕೂಟ, ಕೊಡುವ ಕೋಚ್ ಲೈಸೆನ್ಸ್‌ನಲ್ಲಿ ಸಿ, ಬಿ, ಎ, ಕೊನೆಗೆ ಪ್ರೊ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಎಷ್ಟು ದೊಡ್ಡ ಆಟಗಾರನಾಗಿದ್ದರೂ ಆ ಕಾಗದ ಬೇಕು. ನಿಮ್ಮ ಲೈಸೆನ್ಸ್ ಆ ಲೀಗ್‌ಗೆ ನಡೆಯುತ್ತದಾ ಅಂತ ಕ್ಲಬ್‌ನವರಿಂದ ಬರಹದಲ್ಲಿ ತರಿಸಿಕೊಳ್ಳಿ. ಮುಂದಿನ ಕೋರ್ಸ್‌ಗೆ ರಜೆ ಕೊಡುತ್ತಾರಾ ಅಂತಲೂ ಕೇಳಿ.

ಈಗ ಕಾಂಟ್ರಾಕ್ಟ್. ವೃತ್ತಿಪರ ಕ್ಲಬ್ ಆದರೆ ನಿಮ್ಮ ಬೆನ್ನಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ ಇದೆ. 2021ರಿಂದ ಕೋಚ್‌ಗಳಿಗೇ ಬೇರೆ ನಿಯಮ ಬಂದಿದೆ. ವೀಸಾ ಸಿಕ್ಕರೆ ಮಾತ್ರ ಈ ಕಾಂಟ್ರಾಕ್ಟ್ ಊರ್ಜಿತ ಅಂತ ಕ್ಲಬ್ ಷರತ್ತು ಹಾಕೋ ಹಾಗಿಲ್ಲ. ಎರಡು ತಿಂಗಳ ಸಂಬಳ ಬಾಕಿ ಉಳಿಸಿದರೆ, ಬರಹದಲ್ಲಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದು, ಆಗಲೂ ಕೊಡದಿದ್ದರೆ ನ್ಯಾಯವಾಗಿಯೇ ಕೆಲಸ ಬಿಡಬಹುದು, ಫಿಫಾಗೆ ದೂರನ್ನೂ ಕೊಡಬಹುದು. ಆ ದೂರು ಎರಡು ವರ್ಷದೊಳಗೆ ಹೋಗಬೇಕು. ಆದರೆ ಗಮನಿಸಿ, ದುಬೈನಲ್ಲೋ ಮಸ್ಕತ್‌ನಲ್ಲೋ ಮಕ್ಕಳಿಗೆ ಆಟ ಕಲಿಸುವ ಖಾಸಗಿ ಅಕಾಡೆಮಿಗೆ ಇದು ನಡೆಯಲ್ಲ, ಅಲ್ಲಿ ಆ ದೇಶದ ಕಾರ್ಮಿಕ ಕಾನೂನೇ ಗತಿ. ದುಬೈನಲ್ಲಾದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆ ಲೆಕ್ಕ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ. ಹಾಗಾಗಿ ಒಟ್ಟು ಮೊತ್ತ ದೊಡ್ಡದಾಗಿ ತೋರಿಸಿ ಮೂಲ ವೇತನ ಚಿಕ್ಕದಾಗಿ ಬರೆದಿದ್ದರೆ ಅಲ್ಲೇ ತಡೆದು ಕೇಳಿ. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ ಅಂದರೆ ಹೋಗಲೇಬೇಡಿ. ಆ ವೀಸಾದಲ್ಲಿ ಅಲ್ಲಿ ಕೆಲಸ ಮಾಡೋದು ಅಪರಾಧ, ಸಿಕ್ಕಿಬಿದ್ದಾಗ ಪೊಲೀಸರ ಮುಂದೆ ನಿಲ್ಲುವವರು ನೀವು.

ನಡುವೆ ಏಜೆಂಟ್ ಇದ್ದರೆ ಅವನ ಹೆಸರು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯಾ ನೋಡಿ. ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಮಾತು ಮುಗಿಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗೋದು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿರುವವರ ಬಗ್ಗೆ. ರೈಲ್ವೆಯೋ ಪೊಲೀಸೋ ಬ್ಯಾಂಕೋ, ಮೊಣಕಾಲು ಸವೆಸಿ ಗಳಿಸಿದ ನೌಕರಿ ಅದು. ಒಂದು ವರ್ಷದ ಕಾಂಟ್ರಾಕ್ಟ್ ನಂಬಿ ಅದಕ್ಕೆ ರಾಜೀನಾಮೆ ಕೊಡಬೇಡಿ. ಸಂಬಳವಿಲ್ಲದ ರಜೆ ಸಿಗುತ್ತದಾ, ಹೊರದೇಶದಲ್ಲಿ ಕೆಲಸ ಮಾಡಲು ಇಲಾಖೆ ಅನುಮತಿ ಕೊಡುತ್ತದಾ ಅಂತ ಮೊದಲು ಅರ್ಜಿ ಹಾಕಿ, ಆದೇಶ ಕೈಗೆ ಬಂದ ಮೇಲೆ ಟಿಕೆಟ್ ಮಾತಾಡಿ. ಕರ್ನಾಟಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತಲ್ವಾ, ಆ ಹುಡುಗರೂ ಒಂದು ದಿನ ಬೂಟು ಬಿಚ್ಚುತ್ತಾರೆ. ಅವರಿಗೂ ಇಂಥ ಫೋನ್ ಬರಲಿ, ಆದರೆ ಇರುವುದನ್ನು ಕಳೆದುಕೊಳ್ಳದ ಹಾಗೆ ಬರಲಿ.

ಮನೆಯ ಮಾತು ಕೊನೆಗೆ ಇಟ್ಟುಕೊಳ್ಳಬೇಡಿ. ಆನ್ರಿ ಆಮೇಲೆ ಕೆನಡಾದ ಮಾಂಟ್ರಿಯಲ್ ಟೀಮಿಗೂ ಹೋದರು, 2021ರ ಫೆಬ್ರವರಿಯಲ್ಲಿ ಮಕ್ಕಳಿಂದ ದೂರ ಇರಲಾರೆ ಅಂತ ಬಿಟ್ಟು ಬಂದರು. ಕುಟುಂಬದ ವೀಸಾ, ಮಕ್ಕಳ ಶಾಲೆ ಫೀಸು, ವಿಮೆ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್, ಇವೆಲ್ಲ ಕಾಂಟ್ರಾಕ್ಟ್‌ನಲ್ಲೇ ಇರಲಿ. ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ, ತೋಟ ಇದ್ದರೆ ನೀರು ಬಿಡುವವರು ಯಾರು ಅಂತ ಅಣ್ಣ ತಮ್ಮಂದಿರ ಹತ್ತಿರ ಕೂತು ಮಾತಾಡಿ. ಹೊರಡುವ ಮುಂಚೆ ಕಾಂಟ್ರಾಕ್ಟ್, ವೀಸಾ, ಲೈಸೆನ್ಸ್, ಕ್ಲಬ್‌ನವರ ಇಮೇಲ್‌ಗಳು, ಎಲ್ಲದರ ಒಂದೊಂದು ಪ್ರತಿ ಮನೆಯಲ್ಲಿ ಬಿಡಿ. ಅವರೇ ಕೆಲಸದಿಂದ ತೆಗೆದರೂ ವಾಪಸ್ ಟಿಕೆಟ್ ಅವರೇ ಕೊಡಬೇಕು ಅನ್ನೋ ಸಾಲು ಇಲ್ಲದಿದ್ದರೆ, ಅದನ್ನು ಸೇರಿಸಿದ ಮೇಲೇ ಸಹಿ ಹಾಕಿ.