ಮುಂಗೈ ಮೇಲೆ ಅತ್ತರು: ಗಂಧ, ದವನ, ಲಾವಂಚಗಳನ್ನು ನಾನು ಪರೀಕ್ಷಿಸುವ ಬಗೆ

ಅತ್ತರನ್ನು ಶೀಶೆಯ ಬಾಯಿಗೆ ಮೂಗಿಟ್ಟು ಮೂಸಿ ಕೊಳ್ಳುವುದು ರೂಢಿ. ಅಲ್ಲಿ ಸಿಗುವುದು ಮುಚ್ಚಳದಡಿ ಕಟ್ಟಿಕೊಂಡಿದ್ದ ಹಗುರ ಅಂಶಗಳ ಆವಿ. ಮೈಗೆ ಹಚ್ಚಿದರೆ ಅದು ಹತ್ತು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತದೆ, ಆಮೇಲೆ ಗಂಟೆಗಟ್ಟಲೆ ನಮ್ಮ ಜೊತೆ ಓಡಾಡುವುದು ಬೇರೆಯೇ ವಾಸನೆ. ಹಾಗಾಗಿ ಯಾವ ಎಣ್ಣೆಯಾದರೂ ಒಂದು ಪೂರ್ತಿ ಹಗಲು ಮುಂಗೈ ಮೇಲೆ ಇದ್ದ ನಂತರವೇ ಅದರ ಬಗ್ಗೆ ನಾನು ಬಾಯಿ ಬಿಡುವುದು.

ಪರೀಕ್ಷೆಗೆ ಮಣಿಕಟ್ಟು ಬೇಡ. ಕೈ ತೊಳೆದಾಗಲೆಲ್ಲ ನೀರು ಬೀಳುತ್ತದೆ, ವಾಚಿನ ಪಟ್ಟಿ ಉಜ್ಜುತ್ತದೆ. ಮುಂಗೈ ಒಳಭಾಗದಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಬಿಟ್ಟು ಶುರು ಮಾಡಿ ಮೊಣಕೈವರೆಗೆ ಐದು ಸೆಂಟಿಮೀಟರಿಗೊಂದರಂತೆ ಮೂರು ಜಾಗ ಗುರುತು ಮಾಡಿಕೊಳ್ಳುತ್ತೇನೆ. ಒಂದಕ್ಕೆ ಪರೀಕ್ಷಿಸುವ ಎಣ್ಣೆ, ಇನ್ನೊಂದಕ್ಕೆ ನನಗೆ ಚೆನ್ನಾಗಿ ಗೊತ್ತಿರುವ ಎಣ್ಣೆ, ಮೂರನೆಯದಕ್ಕೆ ಬರೀ ಆಧಾರದ ಎಣ್ಣೆ, ಅಂದರೆ ಸಾರವನ್ನು ತೆಳುಮಾಡಲು ಬೆರೆಸಿದ ವಾಸನೆಯಿಲ್ಲದ ಎಣ್ಣೆ. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ಆರನೇ ಗಂಟೆಯಲ್ಲಿ ಬರುವ ಜಿಡ್ಡು ವಾಸನೆ ಅತ್ತರಿನದೋ, ಹಳಸಿದ ಆಧಾರದ್ದೋ ಅಂತ ಹೇಳುವುದು ಆ ಜಾಗವೇ.

ಹಚ್ಚುವ ಒಂದು ಗಂಟೆ ಮೊದಲು ಕೈಯನ್ನು ವಾಸನೆಯಿಲ್ಲದ ಸೋಪಿನಿಂದ ತೊಳೆದು ಒರೆಸಿ ಬಿಡಬೇಕು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅಂಗೈಯಲ್ಲಿ ಉಳಿದಿದ್ದರೂ ಮುಂಗೈಗೆ ಹತ್ತುತ್ತದೆ. ಅಳತೆಗೆ ಇನ್ಸುಲಿನ್ ಸಿರಿಂಜು ಸಾಕು. 40 ಯೂನಿಟ್ಟಿನ 1 ಮಿ.ಲೀ. ಸಿರಿಂಜಿನಲ್ಲಿ ಒಂದು ಯೂನಿಟ್ ಅಂದರೆ 0.025 ಮಿ.ಲೀ.; ಒಂದು ಜಾಗಕ್ಕೆ ಅಷ್ಟೇ. ಸೂಜಿ ಕಿತ್ತುಹಾಕಿ, ಗಾಜಿನ ಕಡ್ಡಿಯ ತುದಿಗೆ ಬಿಟ್ಟುಕೊಂಡು, ಅದರಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಸವರುವುದು. ಸಿರಿಂಜಿನೊಳಗಿನ ರಬ್ಬರು ಸುಗಂಧದೆಣ್ಣೆಗೆ ಊದಿಕೊಳ್ಳುತ್ತದೆ, ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಬಾರಿ ಬಳಸಿ ಎಸೆಯಿರಿ.

ಅದೇ ಹೊತ್ತಿಗೆ ಅಷ್ಟೇ ಎಣ್ಣೆಯನ್ನು ಬ್ಲಾಟಿಂಗ್ ಪೇಪರಿನ ಪಟ್ಟಿಗೂ ಹಾಕಿ, ಹೆಸರು ಮತ್ತು ಸಮಯವನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು (ಪೆನ್ನಿನ ಶಾಯಿಗೆ ತನ್ನದೇ ವಾಸನೆ ಇರುತ್ತದೆ). ಒಂದನೇ ನಿಮಿಷ, ಹದಿನೈದನೇ ನಿಮಿಷ, ಒಂದು ಗಂಟೆ, ಮೂರು ಗಂಟೆ, ಆರು ಗಂಟೆ, ಮರುದಿನ ಬೆಳಿಗ್ಗೆ ಸ್ನಾನಕ್ಕೆ ಮೊದಲು: ಈ ಆರು ಹೊತ್ತಿನಲ್ಲಿ ಕೈಯನ್ನೂ ಕಾಗದವನ್ನೂ ಒಂದಾದ ಮೇಲೊಂದು ಮೂಸಿ ಬರೆದುಕೊಳ್ಳುತ್ತೇನೆ. ಮಧ್ಯೆ ಮಧ್ಯೆ ಮೂಸುತ್ತಲೇ ಇದ್ದರೆ ಮೂಗು ಮಂಕಾಗಿ, ಎಣ್ಣೆ ಸತ್ತುಹೋಯಿತು ಅನಿಸುತ್ತದೆ. ಅಂಗಡಿಯಲ್ಲಿ ಮೂಸಲು ಕೊಡುವ ಕಾಫಿ ಬೀಜದಲ್ಲಿ ವಿಶೇಷವೇನೂ ಇಲ್ಲ. ಹೊರಗಿನ ಗಾಳಿಗೆ ಐದು ನಿಮಿಷ ಹೋಗಿ ಬಂದರೂ, ಸ್ವಂತ ಅಂಗಿಯ ತೋಳಿನ ಒಳಮೈ ಮೂಸಿದರೂ ಅಷ್ಟೇ ಕೆಲಸವಾಗುತ್ತದೆ.

ಕಾಗದಕ್ಕೂ ಚರ್ಮಕ್ಕೂ ಇರುವ ವ್ಯತ್ಯಾಸದ ಬಹುಪಾಲು ಬಿಸಿಯಿಂದ ಬರುವಂಥದ್ದು. ಮುಂಗೈ ಮೇಲ್ಮೈ ಸಾಮಾನ್ಯವಾಗಿ 32–33 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಕೋಣೆಯ ಕಾಗದ ಅದಕ್ಕಿಂತ ಹತ್ತು ಡಿಗ್ರಿ ತಣ್ಣಗಿರುತ್ತದೆ. ಹಗುರ ಅಂಶಗಳು ಕೈ ಮೇಲಿಂದ ಬೇಗ ಹಾರುತ್ತವೆ, ಭಾರದ ಅಂಶಗಳು ಬೇಗ ಮೇಲೇಳುತ್ತವೆ. ಕಾಗದದಲ್ಲಿ ಮೂರು ಗಂಟೆಗೆ ಬರುವ ಹಂತ ಕೈ ಮೇಲೆ ಒಂದು ಗಂಟೆಗೇ ಬರುವುದುಂಟು. ಎರಡನೆಯ ಕಾರಣ ಚರ್ಮದ ಜಿಡ್ಡು. ಎಣ್ಣೆಚರ್ಮ ಸುಗಂಧವನ್ನು ತನ್ನ ಜಿಡ್ಡಿನಲ್ಲಿ ಕರಗಿಸಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಒಣಚರ್ಮದಲ್ಲಿ ಸ್ವಲ್ಪ ಒಳಗಿಳಿದು ಉಳಿದದ್ದು ಬೇಗ ಹಾರುತ್ತದೆ. ಮೈಯ ಪಿಎಚ್ (ಹುಳಿ-ಕ್ಷಾರದ ಅಳತೆ) ಎಲ್ಲವನ್ನೂ ಬದಲಿಸುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಬಹಳ ಓಡುತ್ತದೆ. ನನ್ನ ಕೈಯಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ತಂದಿರುವುದು ಹಿಂದಿನ ದಿನದ ಸೋಪು, ಬಟ್ಟೆಯ ಪುಡಿ, ಬೆವರು.

ಮೈಯಿಂದ ಮೈಗೆ ಬರುವ ಈ ವ್ಯತ್ಯಾಸವನ್ನು ಪರೀಕ್ಷಿಸಲು ದವನದೆಣ್ಣೆಗಿಂತ ಒಳ್ಳೆಯದು ಬೇರೆ ಇಲ್ಲ. ಹೂಮಾಲೆಯಲ್ಲಿ ಮಲ್ಲಿಗೆ, ಕನಕಾಂಬರದ ನಡುವೆ ಸಿಕ್ಕಿಸುವ ಬೂದುಹಸಿರು ದವನವೇ ಇದು; ಹೂ ಬಂದ ಗಿಡವನ್ನು ಕೊಯ್ದು ಭಟ್ಟಿ ಇಳಿಸಿದರೆ ಜೇನುಬಣ್ಣದಿಂದ ಕಂದುಬಣ್ಣದವರೆಗಿನ ಎಣ್ಣೆ ಬರುತ್ತದೆ. ಕರ್ನಾಟಕ ಇದರ ಮುಖ್ಯ ನೆಲೆ. ಎಣ್ಣೆಯ ಮುಖ್ಯ ಅಂಶ ದವನೋನ್. ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ವಾಸನೆ ಬರುತ್ತದೆ ಎಂದು ಸುಗಂಧ ತಯಾರಕರ ನಡುವೆ ಇದಕ್ಕೆ ಹಳೆಯ ಹೆಸರು. ನೇರವಾಗಿ ಹಚ್ಚಿದರೆ ಕಟುವಾದ ಕಷಾಯದ ವಾಸನೆ ಮಾತ್ರ ಹೊಡೆಯುತ್ತದೆ. ಶೇ. 10ಕ್ಕೆ ಇಳಿಸಿದಾಗ ಒಣ ಏಪ್ರಿಕಾಟು, ಕುದಿಸಿದ ಹಣ್ಣು, ಟೀಪುಡಿ, ಕೆಳಗೆ ಸ್ವಲ್ಪ ಒಣಹುಲ್ಲು, ಎಲ್ಲ ಬಿಡಿಬಿಡಿಯಾಗಿ ಕಾಣಿಸುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮೂವರು ಕೂತು ತಂತಮ್ಮ ಕೈಗೆ ಹಚ್ಚಿಕೊಂಡು, ತಂತಮ್ಮ ಕೈಯನ್ನೇ ಮೂಸಿ, ‘ನನ್ನ ಮೈಗೆ ಹಣ್ಣು ಬಂತು’, ‘ನನಗೆ ಬರೀ ಸೊಪ್ಪು’ ಅನ್ನುತ್ತಾರೆ. ಕೈಯೂ ಬೇರೆ, ಮೂಗೂ ಬೇರೆ, ಬದಲಾದದ್ದು ಯಾವುದು? ನಾನು ಎರಡು ಸುತ್ತು ಮಾಡಿಸುತ್ತೇನೆ. ಮೊದಲ ಸುತ್ತಿನಲ್ಲಿ ಒಂದೇ ಮೂಗು ಮೂರೂ ಕೈಗಳನ್ನು ಮೂಸಬೇಕು. ಎರಡನೇ ಸುತ್ತಿನಲ್ಲಿ ಮೂರೂ ಮೂಗುಗಳು ಒಂದೇ ಕೈಯನ್ನು ಮೂಸಬೇಕು. ಮೊದಲ ಸುತ್ತಿನಲ್ಲಿ ಸಿಕ್ಕ ವ್ಯತ್ಯಾಸ ಚರ್ಮದ್ದು, ಎರಡನೆಯದರಲ್ಲಿ ಸಿಕ್ಕದ್ದು ಮೂಗಿನದು. ದವನದಲ್ಲಿ ಚರ್ಮದ ವ್ಯತ್ಯಾಸ ನಿಜಕ್ಕೂ ಇದೆ: ಬಿಸಿ ಹೆಚ್ಚಿರುವ ಕೈಯಲ್ಲಿ ಕಷಾಯದ ಅಂಚು ಬೇಗ ಕಳೆದು ಹಣ್ಣು ಮುಂದೆ ಬರುತ್ತದೆ, ತಣ್ಣನೆಯ ಕೈಯಲ್ಲಿ ಸೊಪ್ಪೇ ಬಹಳ ಹೊತ್ತು ಎಳೆದುಕೊಂಡು ಹೋಗುತ್ತದೆ. ಆದರೆ ಜನ ಚರ್ಮದ ಲೆಕ್ಕಕ್ಕೆ ಹಾಕುವ ವ್ಯತ್ಯಾಸದಲ್ಲಿ ಒಳ್ಳೆಯ ಪಾಲು ಎರಡನೇ ಸುತ್ತಿನಲ್ಲೇ ಬರುವಂಥದ್ದು. ಕೃತಕ ಕಸ್ತೂರಿಯಲ್ಲಂತೂ ಇದು ಎದ್ದು ಕಾಣುತ್ತದೆ. ಗ್ಯಾಲಾಕ್ಸೊಲೈಡ್‌ನಂಥ ಕಸ್ತೂರಿ ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಅವರು ತಮ್ಮ ಮೈಮೇಲೆ ಅತ್ತರು ನಿಲ್ಲುವುದೇ ಇಲ್ಲವೆಂದು ಇನ್ನಷ್ಟು ಬಳಿದುಕೊಳ್ಳುತ್ತಾರೆ, ಪಕ್ಕದಲ್ಲಿ ಕೂತವರಿಗೆ ತಲೆನೋವು.

ಗಂಧದೆಣ್ಣೆಯ ನಡೆ ದವನಕ್ಕೆ ತಿರುಗುಮುರುಗು. ಅದರಲ್ಲಿ ಮೊದಲಿಗೆ ಹಾರುವ ಹಗುರ ಅಂಶ ಬಹಳ ಕಡಿಮೆ. ಹಚ್ಚಿದ ಹತ್ತು ನಿಮಿಷ ‘ವಾಸನೆಯೇ ಇಲ್ಲವಲ್ಲ’ ಅನಿಸಿ, ಅರ್ಧ ಗಂಟೆ ಕಳೆದ ಮೇಲೆ ಮೈಬಿಸಿಗೆ ಹಾಲಿನಂಥ ನುಣುಪು ಮೇಲೇಳುತ್ತದೆ. ಆಮೇಲೆ ಆರೆಂಟು ಗಂಟೆ ಅದು ಹೆಚ್ಚು ಬದಲಾಗುವುದಿಲ್ಲ. ಕಾಗದದ ಮೇಲಾದರೆ ದಿನಗಟ್ಟಲೆ ಇರುತ್ತದೆ. ಮೊದಲ ನಿಮಿಷದಲ್ಲೇ ಚುರುಕಾಗಿ ಮೂಗಿಗೆ ಬಡಿದು ಕೋಣೆ ತುಂಬಿದರೆ ಅದರಲ್ಲಿ ಕೃತಕ ಗಂಧ ಬೆರೆತಿದೆ ಎಂದು ಅನುಮಾನಿಸಬಹುದು. ಶುದ್ಧ ಶ್ರೀಗಂಧದೆಣ್ಣೆಗೆ ಐಎಸ್‌ಒ 3518 ಅಂತರರಾಷ್ಟ್ರೀಯ ಮಾನದಂಡ ಕೇಳುವುದು, ಗಂಧದ ವಾಸನೆಗೆ ಮುಖ್ಯವಾದ ಎರಡು ಅಂಶಗಳಲ್ಲಿ, ಆಲ್ಫಾ ಸ್ಯಾಂಟಲಾಲ್ ಶೇ. 41–55, ಬೀಟಾ ಸ್ಯಾಂಟಲಾಲ್ ಶೇ. 16–24. ಮಾರುವವರ ಬಳಿ ಗ್ಯಾಸ್ ಕ್ರೊಮಟೋಗ್ರಫಿ (ಎಣ್ಣೆಯ ಅಂಶಗಳನ್ನು ಬಿಡಿಸಿ ಅಳೆಯುವ ಪರೀಕ್ಷೆ) ವರದಿ ಇದ್ದರೆ ಈ ಎರಡು ಸಾಲು ನೋಡಿ. ಕಾಗದಕ್ಕೆ ಒಂದು ಹನಿ ಬಿಟ್ಟು ಜಿಡ್ಡಿನ ಕಲೆ ಉಳಿದರೆ ಕಲಬೆರಕೆ ಅನ್ನುವ ಪರೀಕ್ಷೆ ನಿಂಬೆಹುಲ್ಲಿನ ಎಣ್ಣೆಗೆ ಸರಿ, ಗಂಧದೆಣ್ಣೆಗೆ ನಡೆಯದು: ಶುದ್ಧ ಗಂಧದೆಣ್ಣೆಯೇ ಅಷ್ಟು ನಿಧಾನಕ್ಕೆ ಆರುತ್ತದೆ. ಅದರ ಬದಲು ಶೇ. 70ರ ಎಥೆನಾಲ್ 5 ಪಾಲಿಗೆ 1 ಪಾಲು ಎಣ್ಣೆ ಹಾಕಿ ಕುಲುಕಿದರೆ 20 ಡಿಗ್ರಿಯಲ್ಲಿ ತಿಳಿಯಾಗಿ ಕರಗಬೇಕು. ಹಾಲಿನಂತೆ ಬೆಳ್ಳಗಾದರೆ ಪ್ಯಾರಾಫಿನ್ನೋ ಹರಳೆಣ್ಣೆಯೋ ಸೇರಿದೆ. ಡೈಈಥೈಲ್ ಥ್ಯಾಲೇಟ್ ಎಂಬ ವಾಸನೆಯಿಲ್ಲದ ದ್ರಾವಕ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆಗೂ ಸಿಗುವುದಿಲ್ಲ.

ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜಿನ ಹಳೆಯ ಕ್ರಮದಲ್ಲಿ ಹೂವಿನ ಆವಿಯನ್ನು ನೇರ ಗಂಧದೆಣ್ಣೆಗೇ ಇಳಿಸುತ್ತಿದ್ದದ್ದು ಅದು ಹೀಗೆ ನಿಧಾನಕ್ಕೆ ಆರಿ ಬಹಳ ಹೊತ್ತು ನಿಲ್ಲುವ ಕಾರಣಕ್ಕೇ. ಗುಲಾಬಿಯನ್ನು ಹಿಡಿದಿಡುವ ಆಧಾರವೂ ಗಂಧದೆಣ್ಣೆ, ಗುಲಾಬಿ ತೀರಿದ ಮೇಲೆ ಉಳಿಯುವ ಪರಿಮಳವೂ ಅದೇ. ಅಂಥ ಗುಲಾಬಿ ಅತ್ತರು ಕೈ ಮೇಲೆ ಮೊದಲು ಸ್ವಲ್ಪ ಹಸಿ, ಸ್ವಲ್ಪ ಮೆಣಸು, ಗಂಟೆಯ ಹೊತ್ತಿಗೆ ಜೇನು, ಸಂಜೆಗೆ ಗಂಧ. ಗಂಧದೆಣ್ಣೆ ದುಬಾರಿಯಾದ ಮೇಲೆ ಪ್ಯಾರಾಫಿನ್ ಆಧಾರ ಬಂತು. ಅದರಲ್ಲಿ ಗುಲಾಬಿ ಹಾರಿಹೋದ ಮೇಲೆ ಉಳಿಯುವುದು ಬರೀ ಜಿಡ್ಡು. ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಹಾಗೇ ಇರುವ ‘ಗುಲಾಬಿ’ ಸಿಕ್ಕರೆ ಬೆಲೆ ಕಡಿಮೆ ಕೊಡಿ. ಒಂದು ವಿಷಯ: ಅಪ್ಪಟ ಗುಲಾಬಿ ಎಣ್ಣೆ 20 ಡಿಗ್ರಿ ಆಸುಪಾಸಿನಲ್ಲಿ ಹರಳುಗಟ್ಟುತ್ತದೆ. ಅದರೊಳಗಿನ ವಾಸನೆಯಿಲ್ಲದ ಮೇಣ ಅದು, ಕೆಟ್ಟಿತೆಂದು ಎಸೆಯಬೇಡಿ. ಮುಷ್ಟಿಯೊಳಗೆ ಹಿಡಿದುಕೊಂಡರೆ ಕರಗುತ್ತದೆ.

ಲಾವಂಚದ ಎಣ್ಣೆ ಮಂದ, ಹನಿ ಬೀಳಲು ಹೊತ್ತು ಹಿಡಿಯುತ್ತದೆ. ತಾಮ್ರದ ಪಾತ್ರೆಯಲ್ಲಿ ಇಳಿಸಿದ ಉತ್ತರ ಭಾರತದ ಲಾವಂಚದೆಣ್ಣೆ, ಅಂದರೆ ರೂಹ್ ಖಸ್, ಹಸಿರಾಗಿರುತ್ತದೆ. ಅದು ತಾಮ್ರದ ಬಣ್ಣ. ಕೈ ಮೇಲೆ ಮೊದಲ ಅರ್ಧ ಗಂಟೆ ಮಣ್ಣು, ಹಸಿಬೇರು, ಸ್ವಲ್ಪ ಹೊಗೆ; ಆಮೇಲೆ ಮೆತ್ತಗಾಗಿ ಮರುದಿನವೂ ಇರುತ್ತದೆ.

ಗಂಧ, ದವನ, ಲಾವಂಚ ಮೂರನ್ನೂ ಸೇರಿಸಿ ನಾನು ಮಾಡಿಕೊಳ್ಳುವ 10 ಗ್ರಾಂ ಮಿಶ್ರಣದ ಲೆಕ್ಕ: ಗಂಧದೆಣ್ಣೆ 1.20 ಗ್ರಾಂ, ಲಾವಂಚ 0.40, ಜೆರೇನಿಯಂ 0.20, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ; ಬಿಸಿಲಿಗೆ ಚರ್ಮ ಸುಡುವ ಬರ್ಗಾಪ್ಟೆನ್ ಅಂಶ ತೆಗೆದದ್ದು) 0.20, ದವನದ ಶೇ. 10ರ ದ್ರಾವಣ 0.50, ಉಳಿದ 7.50 ಗ್ರಾಂ ಫ್ರ್ಯಾಕ್ಷನೇಟೆಡ್ ಕೊಬ್ಬರಿ ಎಣ್ಣೆ, ಅಂದರೆ ಗಟ್ಟಿಯಾಗುವ ಅಂಶ ತೆಗೆದದ್ದು. ಮಾಮೂಲಿ ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ತನ್ನದೇ ಘಮವೂ ಇದೆ, ಬೇಡ. ಹನಿ ಎಣಿಸಬೇಡಿ. ಲಾವಂಚದ ಹನಿ ದಪ್ಪ, ಬರ್ಗಮಾಟಿನದು ಸಣ್ಣ, 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಶೀಶೆಯಿಟ್ಟು ತೂಗಿಯೇ ಹಾಕಬೇಕು. ಕ್ರಮ ಹೀಗೆ: ಲಾವಂಚದ ಶೀಶೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ, ಮೊದಲು ಅದನ್ನೂ ಗಂಧವನ್ನೂ ಸೇರಿಸಿ ತಿರುಗಿಸುವುದು, ಆಮೇಲೆ ದವನ, ಜೆರೇನಿಯಂ, ಕೊನೆಗೆ ಬರ್ಗಮಾಟ್. ಆಧಾರದ ಎಣ್ಣೆ ಹಾಕುವ ಮೊದಲು ಒಂದು ವಾರ ಕತ್ತಲಲ್ಲಿ ಬಿಡಿ, ಹಾಕಿದ ಮೇಲೆ ಇನ್ನೆರಡು ವಾರ. ಬೆರೆಸಿದ ದಿನವೇ ಮೂಸಿದರೆ ಒಂದೊಂದೂ ಬೇರೆ ಬೇರೆ ನಿಂತಿರುತ್ತದೆ, ಅದನ್ನು ಸರಿಪಡಿಸಲು ಹೋಗಿ ದವನ ಹೆಚ್ಚು ಸುರಿಯುವುದೇ ಇಲ್ಲಿ ಸಾಮಾನ್ಯ ಅವಾಂತರ. 0.50 ಇದ್ದದ್ದು 1 ಗ್ರಾಂ ಆದರೆ ಗಂಧ ಮುಚ್ಚಿಹೋಗುತ್ತದೆ.

ಎಣ್ಣೆಯ ಅತ್ತರು ದೂರಕ್ಕೆ ಹೋಗುವುದಿಲ್ಲವೆಂಬ ದೂರು ಎಲ್ಲೆಡೆ ಇದೆ. ಸ್ಪ್ರೇಯಲ್ಲಿ ಮದ್ಯಸಾರ ಸುಗಂಧವನ್ನು ಅಗಲವಾಗಿ, ತೆಳ್ಳಗೆ ಹರಡಿ ತಾನು ಹಾರಿಹೋಗುತ್ತದೆ. ಎಣ್ಣೆ ಒಂದೇ ಬಿಂದುವಿನಲ್ಲಿ ದಪ್ಪಗೆ ಕೂತು, ಮೇಲ್ಮೈಯಿಂದ ಮಾತ್ರ ಆವಿಯಾಗುತ್ತದೆ. ಎರಡು ಹನಿ ಹಾಕಿದರೆ ಬಾಳಿಕೆ ಸ್ವಲ್ಪ ಹೆಚ್ಚುತ್ತದೆ, ಹರಡಿಕೆ ಅಷ್ಟಕ್ಕಷ್ಟೆ. ಅದೇ ಒಂದು ಹನಿಯನ್ನು ಮುಂಗೈ ಉದ್ದಕ್ಕೂ, ಕತ್ತಿನ ಹಿಂಬದಿಗೂ ತೆಳ್ಳಗೆ ಎಳೆದರೆ ಎದುರು ಕೂತವರಿಗೆ ತಲುಪುತ್ತದೆ. ಬದಲಿಗೆ ಬೇಗ ಮುಗಿಯುತ್ತದೆ. ಮಣಿಕಟ್ಟು ಮಣಿಕಟ್ಟಿಗೆ ಉಜ್ಜಿದರೆ ಪರಿಮಳ ‘ಒಡೆಯುತ್ತದೆ’ ಅನ್ನುತ್ತಾರೆ; ಹಾಗೇನಿಲ್ಲ, ಆದರೆ ತಿಕ್ಕಿದ ಬಿಸಿಗೆ ಬರ್ಗಮಾಟಿನಂಥದ್ದು ನೀವು ಮೂಸುವ ಮೊದಲೇ ಹೊರಟಿರುತ್ತದೆ. ಚಳಿಗಾಲದ ಒಣಚರ್ಮಕ್ಕೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಕಂಡೂಕಾಣದಷ್ಟು ಸವರಿ ಮೇಲೆ ಹಚ್ಚಿ. ಮಂಗಳೂರಿನ ಏಪ್ರಿಲ್ಲಿನಲ್ಲಿ ಇದು ಬೇಡ. ಅಲ್ಲಿ ಮಲ್ಲಿಗೆಯಂಥ ಭಾರದ ಹೂಗಳನ್ನೂ ಅರ್ಧಕ್ಕೆ ಇಳಿಸಬೇಕು, ಬೆವರಿನ ಜೊತೆ ಅದರ ಇಂಡೋಲ್ ಅಂಶ ಮುಗ್ಗಿದ ಹೂವಿನ ಕಡೆ ತಿರುಗುತ್ತದೆ.

ಉರಿ, ಕೆಂಪು ಬಾರದಂತೆ ನೋಡಿಕೊಳ್ಳುವುದು ಮುಖ್ಯ. ಹೊಸ ಮಿಶ್ರಣವನ್ನು ಮೊಣಕೈ ಮಡಿಕೆಯಲ್ಲಿ ಚೂರು ಹಚ್ಚಿ 48 ಗಂಟೆ ಕಾಯಿರಿ. ಮಾಮೂಲಿ ಬರ್ಗಮಾಟಿನಲ್ಲಿರುವ ಬರ್ಗಾಪ್ಟೆನ್ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ತೊಳೆಯದೆ ಬಿಡುವ ವಸ್ತುವಿನಲ್ಲಿ ಮಾಮೂಲಿ ಬರ್ಗಮಾಟ್ ಎಣ್ಣೆಗೆ ಇಫ್ರಾ (ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ) ಇಟ್ಟಿರುವ ಮಿತಿ ಶೇ. 0.4. ಮೇಲಿನ ಲೆಕ್ಕದಲ್ಲಿ ಬರ್ಗಮಾಟ್ ಶೇ. 2 ಆಗುವುದರಿಂದಲೇ ಬರ್ಗಾಪ್ಟೆನ್ ತೆಗೆದದ್ದನ್ನು ಹೇಳಿದ್ದು. ದಾಲ್ಚಿನ್ನಿ ತೊಗಟೆಯ ಎಣ್ಣೆಯನ್ನು ಮೈಗೆ ಹಚ್ಚುವ ಯಾವುದಕ್ಕೂ ನಾನು ಸೇರಿಸುವುದಿಲ್ಲ.

ಅರ್ಧ ಖಾಲಿಯಾದ ಶೀಶೆಯೊಳಗಿನ ಗಾಳಿಗೆ ಬರ್ಗಮಾಟಿನಂಥ ಎಣ್ಣೆಗಳಲ್ಲಿರುವ ಲಿಮೊನೀನ್, ಲಿನಾಲೂಲ್ ಆಕ್ಸಿಡೀಕರಣಗೊಂಡು ಅಲರ್ಜಿ ತರುವ ಅಂಶಗಳಾಗುತ್ತವೆ. ಬರ್ಗಮಾಟ್ ಇರುವ ಮಿಶ್ರಣವನ್ನು ಅರ್ಧಕ್ಕೆ ಬಂದ ಕೂಡಲೇ ಚಿಕ್ಕ ಕಂದು ಶೀಶೆಗೆ ಕತ್ತಿನವರೆಗೆ ತುಂಬಿ, ದಿನಾಂಕ ಬರೆದು, ಒಂದು ವರ್ಷದೊಳಗೆ ಮುಗಿಸುತ್ತೇನೆ. ಗಂಧ, ಲಾವಂಚಗಳಿಗೆ ಈ ಅವಸರವಿಲ್ಲ. ಬಿಳಿ ಅಂಗಿಯ ತೋಳು ಮಾತ್ರ ಹುಷಾರು: ದವನವೂ ಮಲ್ಲಿಗೆ ಅಬ್ಸಲ್ಯೂಟೂ (ದ್ರಾವಕದಿಂದ ತೆಗೆದ ಹೂವಿನ ಗಟ್ಟಿ ಸಾರ) ಹಳದಿ ಕಲೆ ಬಿಡುತ್ತವೆ, ಹಚ್ಚಿ ಹತ್ತು ನಿಮಿಷವಾದ ಮೇಲೆ ತೋಳು ಇಳಿಸಿ.