ಚೊಗರು ಬೆರಳಿಗೆ ಸಿಗುವ ತಾಳಮದ್ದಲೆ

ಅಡಿಕೆ ಸುಲಿಯುವ ಚಪ್ಪರದಲ್ಲಿ ಆ ರಾತ್ರಿ ಎಂಪಿ3 ಪ್ಲೇಯರಿನ ತಾಳಮದ್ದಲೆಯಲ್ಲಿ ಕರ್ಣನ ರಥದ ಗಾಲಿ ನೆಲದಲ್ಲಿ ಹೂತಿತ್ತು. ಮುಂದಿನ ಪದ್ಯಕ್ಕೆ ಕಾಯುತ್ತಿದ್ದರೆ ಕೇಳಿಬಂದದ್ದು ಶಲ್ಯನನ್ನು ಸಾರಥ್ಯಕ್ಕೆ ಒಪ್ಪಿಸುವ ಸಂದರ್ಭ. ಅಪ್ಪಯ್ಯ ಮೆಟ್ಟುಗತ್ತಿಯಿಂದ ಕೈ ತೆಗೆದು, "ತಮ್ಮಾ, ಇದು ಹಿಂದೆಯೇ ಆಗಿಹೋದ ಕಥೆಯಲ್ಲವೋ?" ಎಂದರು. ಮತ್ತೆ ಏನೂ ಹೇಳದೆ ಸುಲಿಯತೊಡಗಿದರು. ನನಗೆ ಆ ಮೌನವೇ ಹೆಚ್ಚು ಚುಚ್ಚಿತು.

ಶಿರಸಿಯ ನಮ್ಮ ಮನೆಯಲ್ಲಿ ತಾಳಮದ್ದಲೆಯ, ಅಂದರೆ ವೇಷ ಕುಣಿತವಿಲ್ಲದೆ ಪದ್ಯ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನದ, 41 ಕ್ಯಾಸೆಟ್ಟುಗಳಿದ್ದವು. ಎಲ್ಲವೂ ಅಪ್ಪಯ್ಯ ತಾವೇ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬಂದವು. ಮಲೆನಾಡಿನ ಮಳೆಗಾಲದ ಥಂಡಿಗೆ ಒಂದೊಂದಾಗಿ ಬೂಷ್ಟು ಹಿಡಿಯುತ್ತಿದ್ದುದನ್ನು ನೋಡಲಾಗದೆ, ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದನ್ನೂ ಇಳಿಸಿಕೊಂಡೆ. ಮೊದಲು ಕ್ಯಾಸೆಟ್ಟನ್ನು ತುದಿಯಿಂದ ತುದಿಗೆ ಒಮ್ಮೆ ಸುತ್ತಿಸಿ ಸಡಿಲ ಮಾಡುವುದು, ಟೇಪಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸುವುದು, ಆಮೇಲೆ ರೆಕಾರ್ಡಿಂಗ್. ಅದಕ್ಕೆ ಅಡ್ಡದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು.

ಮೊಬೈಲ್ ಇರುವಾಗ ಬೇರೆ ಪ್ಲೇಯರ್ ಏಕೆ ಎಂದು ಅನೇಕರು ಕೇಳಿದರು. ಹಸಿ ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಮೆತ್ತಿಕೊಂಡು ಕಪ್ಪಾಗಿ ಗಟ್ಟಿಯಾಗುತ್ತದೆ. ಅಂಥ ಬೆರಳಿಗೆ ಸ್ಪರ್ಶಪರದೆ ಸರಿಯಾಗಿ ಓಗೊಡುವುದಿಲ್ಲ. ಪದ್ಯದ ಮೇಲೆ ಬೆಳೆಯುವ ಮಾತು, ಅಂದರೆ ಅರ್ಥ, ರಂಗೇರಿದ ಹೊತ್ತಿಗೇ ಫೋನ್ ಕರೆ ಬರುತ್ತದೆ. ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುವ ಗುಂಡಿಗಳ ಪ್ಲೇಯರೇ ಅವರಿಗೆ ಸರಿ. ನಾನು ಕೊಂಡದ್ದು 8 ಜಿಬಿಯದು.

ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವನ್ನು ಮೊದಲೇ ಹಾಕಿದ್ದೆ. 64 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3 ಗಂಟೆಗೆ ಸುಮಾರು 29 ಎಂಬಿ, 128 ಆದರೆ ಅದರ ಎರಡರಷ್ಟು. ಬರೀ ಮಾತಿಗೆ 64 ಸಾಕು. ಆದರೆ ಚಂಡೆಯ ಪೆಟ್ಟು ಅದರಲ್ಲಿ ಒಡೆದ ಮಡಕೆಯಂತೆ ಕೇಳಿಸಿತು. 128ಕ್ಕೆ ಹೋದೆ. 41 ಗಂಟೆಗೆ ಎರಡೂವರೆ ಜಿಬಿಯೂ ಆಗಲಿಲ್ಲ. ಕುಗ್ಗಿಸದ ಮೂಲ ಧ್ವನಿ ಸುಮಾರು 26 ಜಿಬಿ ಆಯಿತು. ಅದು ಬೇರೆ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿದೆ. ಪ್ಲೇಯರಿನಲ್ಲಿರುವುದು ಪ್ರತಿ ಮಾತ್ರ, ಕಳೆದರೂ ಎದೆ ಒಡೆಯದು.

ಕಥೆ ಹಿಂದುಮುಂದಾದದ್ದಕ್ಕೆ ಎರಡು ಕಾರಣ ಸಿಕ್ಕಿದವು. ಒಂದು, ನಾನು ಫೈಲುಗಳಿಗೆ 1, 2, 3 ಎಂದು ಹೆಸರಿಟ್ಟದ್ದು. ಹೆಸರನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಕ್ಕೆ 1 ಆದ ಮೇಲೆ 10, 11, ಅವೆಲ್ಲ ಮುಗಿದ ಮೇಲೆ 2. 01, 02 ಎಂದು ಬರೆದೆ. ಆದರೂ ಸರಿಯಾಗಲಿಲ್ಲ! ಇನ್ನೊಂದು ಕಾರಣ ಹುಡುಕಲು ವಾರವೇ ಹಿಡಿಯಿತು. ಇಂಥ ಪ್ಲೇಯರುಗಳ ಮೆಮೊರಿಯಲ್ಲಿ ಫೈಲುಗಳನ್ನು ಇಡುವ ಕ್ರಮ ಸಾಮಾನ್ಯವಾಗಿ ಫ್ಯಾಟ್32 ಎಂಬ ಪದ್ಧತಿಯದು. ಕಂಪ್ಯೂಟರ್ ನಮಗೆ ಹೆಸರಿನ ಪ್ರಕಾರ ಜೋಡಿಸಿ ತೋರಿಸುತ್ತದೆ. ಒಳಗಿನ ಪಟ್ಟಿಯಲ್ಲಿ ಮಾತ್ರ ಫೈಲುಗಳು ಬರೆದ ಕ್ರಮದಲ್ಲೇ ಇರುತ್ತವೆ, ನನ್ನ ಪ್ಲೇಯರ್ ಓದುವುದು ಆ ಪಟ್ಟಿಯನ್ನೇ. ನಡುವಿನ ಒಂದನ್ನು ಅಳಿಸಿ ಹೊಸದನ್ನು ಹಾಕಿದರೆ, ಪಂಕ್ತಿಯಲ್ಲಿ ಖಾಲಿಯಾದ ಮಣೆಯ ಮೇಲೆ ತಡವಾಗಿ ಬಂದವರು ಕೂತಂತೆ, ಅದು ಆ ಜಾಗದಲ್ಲಿ ಕೂತುಬಿಡುತ್ತದೆ. ಈಗ ನಾನು ನಡುವೆ ಕೈ ಹಾಕುವುದೇ ಇಲ್ಲ. ಬದಲಾವಣೆ ಬೇಕಾದರೆ ಪ್ಲೇಯರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಒಂದೊಂದೇ ಫೋಲ್ಡರನ್ನು ಕ್ರಮವಾಗಿ ಹಾಕುತ್ತೇನೆ. ಹಾಕಿದ್ದು ಹೆಚ್ಚಿದ್ದರೆ ಫ್ಯಾಟ್‌ಸಾರ್ಟ್ ಎಂಬ ಸಣ್ಣ ತಂತ್ರಾಂಶ ಒಳಪಟ್ಟಿಯನ್ನೇ ಹೆಸರಿನಂತೆ ಜೋಡಿಸಿಕೊಡುತ್ತದೆ.

ಎಲ್ಲಿ ತುಂಡರಿಸಬೇಕು ಎಂಬುದು ಇದಕ್ಕಿಂತ ಕಷ್ಟದ್ದಾಗಿತ್ತು, ನನಗೆ ಅತಿ ಇಷ್ಟವಾದ ಕೆಲಸವೂ ಅದೇ. ಈ ಪ್ಲೇಯರ್ ಆಫ್ ಮಾಡಿ ಮತ್ತೆ ಹಚ್ಚಿದರೆ ಫೈಲಿನ ಮೊದಲಿನಿಂದ ಶುರುಮಾಡುತ್ತದೆ. ಹಾಗಾಗಿ ಒಂದು ಗಂಟೆಯ ಉದ್ದನೆಯ ಫೈಲ್ ಪ್ರಯೋಜನವಿಲ್ಲ. ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಅರ್ಥಧಾರಿಯ ಮಾತು ಬಾಯಲ್ಲೇ ತುಂಡಾಗುತ್ತದೆ. ತಾಳಮದ್ದಲೆಗೆ ತನ್ನದೇ ಗಂಟುಗಳಿವೆ: ಭಾಗವತರು ಪದ್ಯ ಹೇಳುತ್ತಾರೆ, ಅದರ ಮೇಲೆ ಅರ್ಥ ಬೆಳೆಯುತ್ತದೆ, ಮುಂದಿನ ಪದ್ಯಕ್ಕೆ ಬಂದು ನಿಲ್ಲುತ್ತದೆ. ಪದ್ಯಕ್ಕೆ ಮುಂಚೆ ಶ್ರುತಿ ಮಾತ್ರ ಉಳಿಯುವ ಒಂದು ಗಳಿಗೆ ಇರುತ್ತದೆ. ಅಲ್ಲೇ ಕತ್ತರಿಸಿದೆ. ಕೆಲವು ತುಂಡು ನಾಲ್ಕು ನಿಮಿಷದವು, ಕೆಲವು ಇಪ್ಪತ್ತೆರಡು. ಸಮನಾಗಿಲ್ಲ ಎಂಬ ಚಿಂತೆ ಬೇಡ, ಕೇಳುವವರಿಗೆ ಹೀಗೇ ಬೇಕು.

ಹೆಸರು ಕನ್ನಡದಲ್ಲಿ ಬರೆದರೆ ಪರದೆಯ ಮೇಲೆ ಬರೀ ಚೌಕಗಳು ಬಂದವು, ಅದರಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಆ ಸಣ್ಣ ಅಕ್ಷರ ಅಪ್ಪಯ್ಯನ ಕಣ್ಣಿಗೆ ಸಿಗದು. ಕೊನೆಗೆ ಆಯಿಯನ್ನು ಕೂರಿಸಿ, ಪ್ರತಿ ಪ್ರಸಂಗದ ಹೆಸರನ್ನು ಅವರ ದನಿಯಲ್ಲೇ ತುಂಬಿಸಿಕೊಂಡೆ. "ವಾಲಿ ವಧೆ. ಮೊದಲ ಕ್ಯಾಸೆಟ್ಟು." ಐದು ಸೆಕೆಂಡು, ಅಷ್ಟೇ. ಅದಕ್ಕೆ 00 ಎಂದು ಹೆಸರಿಟ್ಟು ಪ್ರತಿ ಫೋಲ್ಡರಿನ ತಲೆಗೆ ಹಾಕಿದೆ. ಅಪ್ಪಯ್ಯ ಈಗ ಪರದೆಯನ್ನು ನೋಡುವುದೇ ಇಲ್ಲ. ಫೋಲ್ಡರ್ ಗುಂಡಿ ಒತ್ತುತ್ತಾ ಆಯಿಯ ದನಿ ಕೇಳಿ, ಬೇಕಾದದ್ದು ಬಂದಾಗ ಬಿಡುತ್ತಾರೆ. ಬೆರಳು ತಾಗಿ ಕಲಸುಮೇಲೋಗರವಾಗದಂತೆ ಪಕ್ಕದ ಹೋಲ್ಡ್ ಕೀಲಿಯನ್ನು ಸರಿಸಿಡುವುದನ್ನೂ ರೂಢಿ ಮಾಡಿಕೊಂಡಿದ್ದಾರೆ.

ಕುಮಟೆಯ ಚಿಕ್ಕಪ್ಪನ ಪ್ಲೇಯರಿನದು ಬೇರೆ ಗುಣ. ಅದು ಫೈಲಿನ ಹೆಸರನ್ನು ಲೆಕ್ಕಿಸುವುದಿಲ್ಲ, ಫೈಲಿನೊಳಗೇ ಬರೆದಿಟ್ಟ ವಿವರ, ಅಂದರೆ ಟ್ಯಾಗ್, ನೋಡಿ ಗುಂಪು ಮಾಡುತ್ತದೆ. ಚಿಕ್ಕಪ್ಪನದು ಹಿಂದೂಸ್ತಾನಿ ಸಂಗೀತದ ಹುಚ್ಚು. ಗಾಯಕರ ಹೆಸರಿನಿಂದ ಅವರೆಂದೂ ಹುಡುಕುವುದಿಲ್ಲ, ಹೊತ್ತಿನಿಂದ ಹುಡುಕುತ್ತಾರೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಸಂಗೀತದ ಪ್ರಕಾರವನ್ನು ಬರೆಯುವ ಖಾನೆಯಲ್ಲಿ ಬೆಳಗು, ಸಂಜೆ, ರಾತ್ರಿ ಎಂದು ಬರೆದುಕೊಟ್ಟೆ. ಭೈರವ್, ತೋಡಿ ಬೆಳಗಿಗೆ. ಮಾರ್ವಾ, ಯಮನ್ ಸಂಜೆಗೆ. ಬಾಗೇಶ್ರೀ, ಮಾಲಕಂಸ್ ರಾತ್ರಿಗೆ. ಪೇಟೆಯಲ್ಲಿ ಸಿಗುವ ವಿಂಗಡಣೆಗಿಂತ ಇದು ಅವರಿಗೆ ಸಾವಿರ ಪಾಲು ಮೇಲು.

ಒಂದನ್ನು ಮಾತ್ರ ನಾನು ಸರಿಮಾಡಲಿಲ್ಲ. ಕರ್ಣಪರ್ವದ ಎರಡನೆಯ ಕ್ಯಾಸೆಟ್ಟಿನಲ್ಲಿ ಮೂವತ್ತು ನಿಮಿಷಕ್ಕೆ ಸರಿಯಾಗಿ ಒಂದು ಬದಿ ಮುಗಿದು, ಅರ್ಥದ ಒಂದು ವಾಕ್ಯ ಅರ್ಧಕ್ಕೇ ನಿಂತಿದೆ. ಅಪ್ಪಯ್ಯ ಅಂದು ಕ್ಯಾಸೆಟ್ಟು ತಿರುಗಿಸಿ ಹಾಕುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಎರಡು ತುದಿಗಳನ್ನು ತಿಳಿಯದಂತೆ ಬೆಸೆಯಬಹುದಿತ್ತು. ಬೆಸೆಯಲು ಮನಸ್ಸಾಗದೆ ನಡುವೆ ಮೂರು ಸೆಕೆಂಡು ಮೌನ ಬಿಟ್ಟೆ. ಕಳೆದ ಕೊಯ್ಲಿನಲ್ಲಿ ಆ ಜಾಗ ಬಂದಾಗ ಅಪ್ಪಯ್ಯ ಅಡಿಕೆಯಿಂದ ಕಣ್ಣೆತ್ತದೆ ಉಳಿದರ್ಧ ವಾಕ್ಯವನ್ನು ತಾವೇ ಹೇಳಿ ಮುಗಿಸಿದರು. ಪ್ಲೇಯರ್ ಮುಂದುವರಿಯಿತು.